ಗೊಂಬೆ ಆಡಿದ ಮಾತು

ದವಾಖಾನೆಯ ಜಮಖಾನೆಯ ಮೇಲೆ ದುಂಡಗೆ ಕೂತವರ ನಡುವೆ ಗುರುಸಿದ್ದವ್ವನನ್ನು ಕಂಡದ್ದೇ ತಡ, ಅಂದಾನಪ್ಪನ ಕಾಲು ಬಾಗಿಲಲ್ಲೇ ನಿಂತವು.

ಹೋದ ವರ್ಷ, ಎಂಬತ್ಮೂರರ ಬೇಸಿಗೆಯಲ್ಲಿ, ಹುನಗುಂದಕ್ಕೆ ಹೋಗಿ ನೋಡಿ ಬಂದ ಕನ್ಯೆ ಇವಳೇ. ಅವಳು ಉಪ್ಪಿಟ್ಟಿನ ತಟ್ಟೆ ಕೊಡುವಾಗ ಅವಳ ಸೋದರಮಾವ, "ನೀನೂ ಏನರ ಕೇಳವ್ವಾ" ಎಂದು ಚೇಷ್ಟೆ ಮಾಡಿದ್ದ. ಅವಳು ಮೆಲ್ಲಗೆ ಕಣ್ಣೆತ್ತಿ, ನಗು ತುಟಿಯಲ್ಲೇ ಕಚ್ಚಿ ಹಿಡಿದು, "ನಿಮ್ಮ ಹೆಸರೇನ್ರಿ?" ಎಂದಿದ್ದಳು.

ಅಷ್ಟೇ. ಹುಟ್ಟಿನಿಂದಲೇ ತೊದಲುವ ಅಂದಾನಪ್ಪನಿಗೆ ತನ್ನ ಹೆಸರಿನಷ್ಟು ಕಷ್ಟದ ಮಾತು ಇನ್ನೊಂದಿರಲಿಲ್ಲ. ಅಂಥ ಕಣ್ಣಿನ ಮುಂದೆ ತೊದಲುವುದೇ? ನಾಚಿಕೆಯಿಂದ ಬೆವೆತು, ತಟ್ಟೆ ಕೆಳಗಿಟ್ಟು, ಮಾತಿಲ್ಲದೆ ಎದ್ದು ಬಂದುಬಿಟ್ಟ ಪುಣ್ಯಾತ್ಮ! ಅವನು ದುಡಿಯುವ ಇಳಕಲ್ಲಿನ ಕಲ್ಲು ಪಾಲಿಶ್ ಮಷಿನ್ನಿನ ಗದ್ದಲದಲ್ಲಿ ಯಾರಿಗೂ ಯಾರ ಮಾತೂ ಬೇಕಿರಲಿಲ್ಲ. ಅಲ್ಲೇ ಮುಖ ಮರೆಸಿಕೊಂಡಿದ್ದ.

ಈಗೀಗ ಶನಿವಾರಕ್ಕೊಮ್ಮೆ ಬಾಗಲಕೋಟೆಯ ಈ ದವಾಖಾನೆಗೆ ಬರುತ್ತಿದ್ದ. ಮನಸ್ಸಿನ ಮಾತು ಹೊರಬಾರದವರನ್ನೆಲ್ಲ ಕೂರಿಸಿ ಡಾಕ್ಟರಬಾಯಿ ಕೈಗೆ ತೊಡುವ ಚಿಂದಿಯ ಗೊಂಬೆ ಆಡಿಸುತ್ತಿದ್ದರು. "ನಿಮಗ ಆಡಾಕ ಆಗದ್ದನ್ನ ಗೊಂಬಿ ಕಡಿಂದ ಆಡಸ್ರಿ" ಎನ್ನುತ್ತಿದ್ದರು. ಆಶ್ಚರ್ಯವೆಂದರೆ, ಗೊಂಬೆ ಕೈಗೇರಿದರೆ ಅಂದಾನಪ್ಪನ ನಾಲಿಗೆ ಎಡವುತ್ತಲೇ ಇರಲಿಲ್ಲ.

ಇವತ್ತು ಗುರುಸಿದ್ದವ್ವನ ಗೊಂಬೆ ನೆಟ್ಟಗೆ ಅವನ ಗೊಂಬೆಯತ್ತ ತಿರುಗಿತು.

"ನಿಮ್ಮ ಮಾಲಕರು ಉಪ್ಪಿಟ್ಟು ಬಿಟ್ಟು ಎದ್ದು ಹೋದ್ರಲ್ಲ, ಉಪ್ಪು ಹೆಚ್ಚಾಗಿತ್ತೇನ್ರಿ?"

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಹುಡುಗಿಗೆ ಏನೋ ಐಬು ಐತಿ ಅಂತ ಊರೆಲ್ಲಾ ಆಡಿಕೊಂಡ್ರು. ಅವತ್ತಿಂದ ಆಕಿ ಹೊಸ್ತಲಾ ದಾಟಿದ್ದಿಲ್ಲ. ಇವತ್ತ ಅವ್ವ ಕೈಹಿಡಿದು ಕರ್ಕೊಂಡು ಬಂದಾಳ."

ಅಂದಾನಪ್ಪನ ಕಿವಿ ಬಿಸಿಯಾದವು. ನಾಚಿಕೆ ತನ್ನೊಬ್ಬನದೇ ಎಂದುಕೊಂಡಿದ್ದ. ಹೊರಿಸಿ ಬಂದದ್ದು ಇವಳ ತಲೆಗೆ!

"ಐಬು ಹುಡುಗೀದಲ್ಲ" ಎಂದಿತು ಅವನ ಗೊಂಬೆ, ಸರಾಗವಾಗಿ. "ನಮ್ಮ ಮಾಲಕನ ನಾಲಿಗಿ ತೊದಲತೈತಿ. ಹುಡುಗಿ ಭಾಳ ಮನಸ್ಸಿಗೆ ಬಂದಿದ್ಲು. ಅದಕ್ಕ ನಾಚಿ ಓಡಿದ."

ಗುರುಸಿದ್ದವ್ವ ತನ್ನ ಗೊಂಬೆಯನ್ನು ಕೈಯಿಂದ ಕಳಚಿ ಮಡಿಲಲ್ಲಿಟ್ಟುಕೊಂಡಳು.

"ಗೊಂಬಿ ಮಾತು ನಾ ಒಪ್ಪಂಗಿಲ್ಲ. ಅವತ್ತ ನಾ ಕೇಳಿದ್ದು ನಿಮ್ಮನ್ನ."

ಅವನೂ ಕಳಚಿದ. ಕೈ ಬರಿದಾಯಿತು.

"ಅ... ಅ... ಅ..."

ಕತ್ತಿನ ನರ ಉಬ್ಬಿದವು. ಎಲ್ಲರೂ ತಲೆ ತಗ್ಗಿಸಿದರು. ಪಕ್ಕದಲ್ಲಿ ಕೂತಿದ್ದ ಶಮಶಾದಬಿ ನೋಡಲಾಗದೆ, ಅವನ ಹೆಸರನ್ನು ತಾನೇ ಹೇಳಿ ಮುಗಿಸಲು ಬಾಯಿ ತೆರೆದಳು.

"ಸುಮ್ಮನಿರ್ರಿ, ಅವರೇ ಹೇಳ್ಲಿ" ಎಂದಳು ಗುರುಸಿದ್ದವ್ವ. "ನನಗೇನೂ ಗಡಬಡಿ ಇಲ್ಲ."

ಅವಳೊಬ್ಬಳೇ ಕಣ್ಣು ತಗ್ಗಿಸಿರಲಿಲ್ಲ. ಅದೇ ನೋಟ. ತುಟಿಯಲ್ಲಿ ಅದೇ ಕಚ್ಚಿ ಹಿಡಿದ ನಗು.

ನಾಚಿಕೆ ಹೋಗಲಿಲ್ಲ, ಮೈಯೆಲ್ಲ ಸುಡುತ್ತಲೇ ಇತ್ತು. ಆದರೆ ಈ ಸಲ ಅವನು ಏಳಲಿಲ್ಲ.

"ಅಂ... ಅಂದಾ... ಅಂದಾನಪ್ಪ."

ಗುರುಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಚೊಲೋ ಹೆಸರೈತ್ರಿ. ಉಪ್ಪಿಟ್ಟು ಮತ್ತ ಮಾಡ್ತೇನಿ, ಬರ್ರಿ. ಈ ಸಲ ಪೂರ್ತಿ ತಿಂದು ಏಳಬೇಕು."