ಗೂಳಿಯ ಕೊನೆಯ ಆಸ್ತಿ

ಗೂಳಿಯ ಬಳಿ ಮಾರಲು ಇನ್ನೂ ಒಂದು ವಸ್ತು ಉಳಿದಿದೆ ಎಂದು ಮೊದಲು ಕಂಡುಹಿಡಿದವನು ಮ್ಯಾನೇಜರ್. ಗೂಳಿಗೆ ಅದು ಕನಸಿನಲ್ಲೂ ಹೊಳೆದಿರಲಿಲ್ಲ. ಕಾರುಗಳು ಹೋಗಿದ್ದವು, ಎರಡು ಫ್ಲ್ಯಾಟುಗಳು ಹೋಗಿದ್ದವು, ಚಾಂಪಿಯನ್ ಬೆಲ್ಟನ್ನು ಹಲ್ಲಿನ ಡಾಕ್ಟರೊಬ್ಬ ಕೊಂಡು ತನ್ನ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದ್ದ. ಐವತ್ತೆರಡರ ವಯಸ್ಸಿನಲ್ಲಿ ಗೂಳಿ, ತಾನೇ ಒಂದು ಕಾಲಕ್ಕೆ ಆಳಿದ ಬಾಕ್ಸಿಂಗ್ ರಿಂಗಿನ ಮೂಲೆಯಲ್ಲಿ ನಿಂತು ತನ್ನ ಅರ್ಧ ವಯಸ್ಸಿನವನ ಬೆವರು ಒರೆಸುತ್ತಿದ್ದ. ಒಂದು ಟವೆಲ್, ಒಂದು ಬಕೆಟ್, ಒಂದು ನೀರಿನ ಬಾಟಲಿ. ಅಷ್ಟೇ ಅವನ ಸಂಸಾರ.

ಕೈಗವಸುಗಳನ್ನು ಒಣಹಾಕುವ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಮ್ಯಾನೇಜರ್ ಕೇಳಿದ.

"ಅಣ್ಣಾ, ನಿಮ್ಮ ಕಾಲದಲ್ಲಿ ನಿಮಗೆ ಎಷ್ಟು ಸಲ ಟೆಸ್ಟ್ ಮಾಡಿದ್ರು?"

"ನಲವತ್ತೊಂದು ಸಲ."

"ಒಂದ್ಸಲಾನೂ ಸಿಕ್ಕಿಬೀಳಲಿಲ್ಲ, ಅಲ್ವಾ?"

"ತಗೊಂಡಿದ್ರೆ ತಾನೇ ಸಿಕ್ಕಿಬೀಳೋದು."

"ನನಗೆ ಬೇಕಾಗಿರೋದೂ ಅದೇ."

ವಿಷಯ ಇಷ್ಟೇ. ಈಗಿನ ಚಾಂಪಿಯನ್ನನಿಗೆ ಎರಡು ತಿಂಗಳಿಂದ ಮದ್ದಿನ ಸೂಜಿ ಚುಚ್ಚುತ್ತಿದ್ದರು. ಇನ್ನು ಮೂರು ವಾರಕ್ಕೆ ಪ್ರಶಸ್ತಿಯ ಪಂದ್ಯ. ಗೆದ್ದವನು ರಿಂಗಿನಿಂದ ಇಳಿದ ಕೂಡಲೇ ಪರೀಕ್ಷೆಗೆ ಮೂತ್ರ ಕೊಡಬೇಕು. ತನ್ನದನ್ನು ಕೊಟ್ಟರೆ ಕತೆ ಮುಗಿಯಿತು. ಹಾಗಾಗಿ ಬೇರೆಯವರದು ಬೇಕು, ಒಂದು ಹನಿಯಷ್ಟೂ ಕಲ್ಮಷ ಇಲ್ಲದವರದು. ಗೂಳಿಗೆ ನಗು ಬಂತು. ಮ್ಯಾನೇಜರ್ ಮೊತ್ತ ಹೇಳಿದ. ನಗು ನಿಂತಿತು.

ಅಂಗಿಯ ಜೇಬಿನಲ್ಲಿ ಬ್ಯಾಂಕಿನ ನೋಟಿಸು ಮಡಚಿಕೊಂಡು ಕೂತಿತ್ತು. ಮುಂದಿನ ತಿಂಗಳ ಕೊನೆಯೊಳಗೆ ಸಾಲ ತೀರಿಸದಿದ್ದರೆ ಮನೆ ಹರಾಜು. ಆ ಮನೆಯಲ್ಲಿ ಇದ್ದವಳು ಅವನ ಅಕ್ಕ. ತಾಯಿ ಸತ್ತ ಮೇಲೆ ಬಟ್ಟೆ ಕಾರ್ಖಾನೆಯಲ್ಲಿ ಕಾಲರು ಹೊಲಿದು ಅವನನ್ನು ಸಾಕಿದವಳು, ಅವನ ಹೊಟ್ಟೆಗೆ ಮೊಟ್ಟೆ ಬೇಕೆಂದು ತಾನು ಮದುವೆಯಾಗದೆ ಉಳಿದವಳು. ಮೊದಲ ದೊಡ್ಡ ಗೆಲುವಿನ ಹಣದಲ್ಲಿ ಗೂಳಿ ಕೊಂಡದ್ದು ಆ ಮನೆ: ಎರಡು ಕೋಣೆ, ಒಂದು ಅಡುಗೆಮನೆ, ಹೊಲಿಗೆ ಯಂತ್ರದ ಮೇಲೆ ಬೆಳಕು ಬೀಳುವ ಕಿಟಕಿ. ವಯಸ್ಸಾದ ಮೇಲೆ ಎಲ್ಲ ಕಳೆದುಕೊಂಡು ಅವನೂ ಅಲ್ಲಿಗೇ ಬಂದು ಸೇರಿದ್ದ. ಆ ಮನೆ ಅಡವಿದೆ ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ.

ಅಷ್ಟೊಂದು ದುಡ್ಡು ಏನಾಯ್ತು ಎಂದು ಜನ ಕೇಳುತ್ತಿದ್ದರು. ಕುಡಿತ, ಜೂಜು, ಹೆಣ್ಣು ಎಂದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ. ಗೂಳಿ ಅದೊಂದನ್ನೂ ಮಾಡಿದವನಲ್ಲ. ಹದಿನಾರನೆಯ ವಯಸ್ಸಿನಿಂದ ಅವನನ್ನು ಎಬ್ಬಿಸಲು ಒಬ್ಬ, ಊಟ ತೂಗಿ ಬಡಿಸಲು ಒಬ್ಬ, ಟಿಕೆಟ್ ತೆಗೆಸಲು ಒಬ್ಬ, ತೆರಿಗೆ ಕಟ್ಟುತ್ತೇನೆಂದು ಹೇಳಿ ಕಟ್ಟದೇ ಇರಲು ಒಬ್ಬ. ಅವನ ಕೆಲಸ ಹೊಡೆಯುವುದು, ಹೊಡೆಸಿಕೊಳ್ಳುವುದು. ಯಾರು ಕಾಗದ ಚಾಚಿದರೂ ಅಭಿಮಾನಿಗಳಿಗೆ ಹಾಕುವ ಹಾಗೆಯೇ ಸಹಿ ಹಾಕುತ್ತಿದ್ದ, ಕೊನೆಗೊಂದು ಜೋಡಿ ಕೋಡಿನ ಚಿತ್ರ ಸಮೇತ. ಪಾಲುದಾರನೊಬ್ಬ ಅವನ ಹೆಸರಲ್ಲಿ ಹೋಟೆಲು ತೆರೆದು ಒಂದೂವರೆ ವರ್ಷದಲ್ಲಿ ಕೈಯೆತ್ತಿದಾಗ, ಅಕ್ಕನ ಮನೆಯ ಅಡಮಾನ ಪತ್ರ ಹೊರಬಿತ್ತು. ಅದರಲ್ಲೂ ಕೋಡು ಇತ್ತು. ಹತ್ತು ವರ್ಷ ದುಡಿದದ್ದು ಉಳಿದ ನಲವತ್ತು ವರ್ಷಕ್ಕೂ ಆಗಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರೆಲ್ಲ ಅವನ ಸಂಬಳದಲ್ಲೇ ಇದ್ದರು.

ಈ ಸಲ ಗೂಳಿ ಯಾವುದನ್ನೂ ಬೇರೆಯವರ ಕೈಗೆ ಬಿಡಲಿಲ್ಲ. ಮ್ಯಾನೇಜರ್ ತಂದ ಉಪಾಯಗಳನ್ನೆಲ್ಲ ಕೇಳಿ, ತಲೆಯಾಡಿಸಿ, ಪಕ್ಕಕ್ಕಿಟ್ಟ. ಪಂದ್ಯ ಮುಗಿದ ಕ್ಷಣದಿಂದ ಕಾವಲಿನವನೊಬ್ಬ ಚಾಂಪಿಯನ್ನನಿಗೆ ಅಂಟಿಕೊಂಡೇ ಬರುತ್ತಾನೆ. ಆಮೇಲೆ ಏನನ್ನೂ ದಾಟಿಸಲಾಗದು. ಹಾಗಾದರೆ ಅದಕ್ಕೂ ಮೊದಲು, ರಿಂಗಿನಲ್ಲೇ, ಸಾವಿರಾರು ಜನರ ಕಣ್ಣೆದುರಿಗೇ ದಾಟಿಸಬೇಕು. ಗೆದ್ದವನ ಹೆಗಲಿಗೆ ನಿಲುವಂಗಿ ಹೊದಿಸುವುದು ಯಾರ ಕೆಲಸ? ಮೂಲೆಯ ಮುದುಕನದು. ಆ ನಿಲುವಂಗಿಯ ಒಳಪದರದಲ್ಲೊಂದು ಜೇಬು, ಜೇಬಿನಲ್ಲೊಂದು ರಬ್ಬರಿನ ಚೀಲ. ಇನ್ನು ಶಾಖದ ಪ್ರಶ್ನೆ. ಅಧಿಕಾರಿ ಸೀಸೆಯನ್ನು ಮುಟ್ಟಿದಾಗ ಅದು ಮೈಯಷ್ಟೇ ಬೆಚ್ಚಗಿರಬೇಕು. ಪಂದ್ಯದ ಉದ್ದಕ್ಕೂ ಗೂಳಿ ಆ ನಿಲುವಂಗಿಯನ್ನು ಮಡಚಿ ತನ್ನ ಹೊಟ್ಟೆಗೆ ಅವಚಿಕೊಂಡು ನಿಂತರಾಯಿತು. ಯಾರದು ಎಂದು ಪ್ರಯೋಗಾಲಯದವರು ಕೇಳುವುದಿಲ್ಲ, ಅದರಲ್ಲಿ ಏನಿದೆ ಎಂದಷ್ಟೇ ನೋಡುತ್ತಾರೆ.

ಜೇಬು ಹೊಲಿಯಲು ಅವನು ಅಕ್ಕನ ಯಂತ್ರದ ಮುಂದೆ ಕೂತಾಗ ಅಕ್ಕ ಬಂದು ಕನ್ನಡಕ ಏರಿಸಿದಳು.

"ಏನೋ ಇದು, ಈ ವಯಸ್ಸಲ್ಲಿ ಹೊಲಿಗೆ ಕಲೀತಿದೀಯಾ?"

"ಚಾಂಪಿಯನ್ ನಿಲುವಂಗಿ, ಅಕ್ಕ. ಒಳಗೊಂದು ಜೇಬು ಬೇಕಂತೆ."

"ಏಳು ಅತ್ಲಾಗೆ. ಇದನ್ನ ಹೊಲಿಗೆ ಅಂತಾರಾ? ಕೋಳಿ ಕೆದರಿದ ಹಾಗಿದೆ."

ಅವಳು ಅದನ್ನು ಬಿಚ್ಚಿ ಮತ್ತೆ ಹೊಲಿದುಕೊಟ್ಟಳು, ಹೊರಗಿನಿಂದ ಹುಡುಕಿದರೂ ಕಾಣದ ಹಾಗೆ. ಅವಳ ಬಾಗಿದ ಕತ್ತನ್ನು ನೋಡುತ್ತ ಗೂಳಿ ನೆಲಕ್ಕೆ ಬಿದ್ದ ದಾರದ ತುಂಡುಗಳನ್ನು ಆಯ್ದ. ನಿನ್ನ ಮನೆಯನ್ನೇ ಹೊಲಿದುಕೊಳ್ಳುತ್ತಿದ್ದೀಯ ಅಕ್ಕ ಎಂದು ಹೇಳುವ ಆಸೆಯಾಗಿ, ನುಂಗಿಕೊಂಡ.

ಉಳಿದದ್ದು ಅವನ ದೇಹ. ನಿಷೇಧಿಸಿದ ಔಷಧಿಗಳ ಪಟ್ಟಿಯನ್ನು ತರಿಸಿಕೊಂಡು, ಬದುಕಿನಲ್ಲಿ ಮೊದಲ ಸಲ ಒಂದು ಕಾಗದವನ್ನು ತಲೆಯಿಂದ ಬುಡದವರೆಗೆ ಓದಿದ. ಭುಜದ ನೋವಿಗೆ ಹಚ್ಚುತ್ತಿದ್ದ ಮುಲಾಮನ್ನೂ ಬಿಟ್ಟ. ಕೆಮ್ಮು ಬಂದರೆ ಕೆಮ್ಮಿದ, ಸಿರಪ್ಪು ಕುಡಿಯಲಿಲ್ಲ. ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿ ಹಾಲು, ಬಣ್ಣದ ನೀರು ಯಾವುದನ್ನೂ ಮುಟ್ಟಲಿಲ್ಲ. ಇಪ್ಪತ್ತು ದಿನ ಅಕ್ಕನ ಕೈಯಿಂದ ಬಂದದ್ದು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕಲಿಲ್ಲ. ಎಡಗೈ ಎತ್ತಲಾರದಷ್ಟು ನೋಯುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ, ಆದರೂ ಒಂಥರಾ ಹಳೆಯ ಹುರುಪು. ಪಂದ್ಯಕ್ಕೆ ತಯಾರಾಗುತ್ತಿದ್ದ ದಿನಗಳಲ್ಲೂ ಹೀಗೆಯೇ ಇತ್ತು.

ಚಾಂಪಿಯನ್ ಎಂಟನೆಯ ರೌಂಡಿನಲ್ಲಿ ಗೆದ್ದ. ಅಲ್ಲಿಯವರೆಗೂ ಗೂಳಿ ನಿಲುವಂಗಿಯನ್ನು ಮಗುವಿನಂತೆ ಅವಚಿಕೊಂಡೇ ನಿಂತಿದ್ದ. ಶಿಷ್ಯನ ಮೇಲೆ ಎಂಥ ಪ್ರೀತಿ ನೋಡಿ ಎಂದು ಟಿವಿಯಲ್ಲಿ ವೀಕ್ಷಕ ವಿವರಣೆಯವನು ಕರಗಿಹೋದನಂತೆ. ಗಂಟೆ ಬಡಿಯಿತು, ಗೂಳಿ ಹಗ್ಗದಡಿ ನುಸುಳಿದ, ಹೊದಿಸಿದ, ಬೆನ್ನು ತಟ್ಟಿದ. ಕಾವಲಿನವನು ಎರಡು ಹೆಜ್ಜೆ ದೂರದಲ್ಲಿದ್ದ.

ಪರೀಕ್ಷೆಯ ಕೋಣೆಯಲ್ಲಿ ಬಿಳಿ ಟೈಲ್ಸು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಮೊಹರು ಹಾಕಿದ ಸೀಸೆಗಳ ಪೆಟ್ಟಿಗೆ. ಆಟಗಾರನ ಕಡೆಯವನೆಂದು ಒಬ್ಬನಿಗೆ ಒಳಗೆ ಬರಲು ಅವಕಾಶವಿತ್ತು, ಗೂಳಿ ಬಂದಿದ್ದ. ಚಾಂಪಿಯನ್ ಮೂತ್ರ ಮಾಡುವಾಗ ಅಧಿಕಾರಿ ಕಣ್ಣು ಕೀಳದೆ ನೋಡುತ್ತಿರಬೇಕು. ಆ ಕಣ್ಣನ್ನು ಅರ್ಧ ನಿಮಿಷ ತಿರುಗಿಸುವುದೇ ಯೋಜನೆಯ ಕೊನೆಯ ಭಾಗ. ಅದಕ್ಕಾಗಿ ಗೂಳಿ ತಂದದ್ದು ಒಂದು ಕಾಲಕ್ಕೆ ಎಲ್ಲರೂ ಗುರುತಿಸುತ್ತಿದ್ದ ತನ್ನ ಮುಖವನ್ನು, ಅಷ್ಟೇ.

"ಸಾರ್, ನೀವು ಗೂಳಿ ಅಲ್ವಾ?" ಅಧಿಕಾರಿಯ ದನಿ ಬದಲಾಯಿತು. "ನಮ್ಮಪ್ಪನ ಜೊತೆ ಕೂತು ನೋಡಿದ್ದೆ ಸಾರ್, ಆ ಆರನೇ ರೌಂಡು. ನಿಮ್ಮ ಎಡಗೈ ಎಲ್ಲಿಂದ ಬಂತು ಅಂತ ಅಪ್ಪ ಸಾಯೋವರೆಗೂ ಕೇಳ್ತಾನೇ ಇದ್ರು."

"ಬನ್ನಿ ಈ ಕಡೆ, ತೋರಿಸ್ತೀನಿ."

ಅಧಿಕಾರಿ ಅವನತ್ತ ತಿರುಗಿದ. ಗೂಳಿ ಸಾವಿರ ಸಲ ತೋರಿಸಿದ ಆ ಏಟನ್ನು ನೋಯುವ ಭುಜದಲ್ಲೇ ನಿಧಾನವಾಗಿ, ಹೆಜ್ಜೆ ಸಮೇತ ತೋರಿಸಿದ. ಆ ಮನುಷ್ಯನ ಕಣ್ಣುಗಳು ಒದ್ದೆಯಾಗಿದ್ದವು. ಅವನ ಬೆನ್ನ ಹಿಂದೆ ಸೀಸೆ ತುಂಬುವ ಸದ್ದು ಕೇಳಿಸಿತು. ಗೂಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸುಸ್ತಾಯಿತು. ಅಧಿಕಾರಿ ಮರಳಿ ತಿರುಗಿ, ಸೀಸೆ ಮುಟ್ಟಿ ನೋಡಿ, ಮೊಹರು ಹಾಕಿ, ಕೊನೆಗೆ ಗೂಳಿಯ ಸಹಿ ಕೇಳಿದ. ತನ್ನ ಡೈರಿಗೆ.

ಹಣ ಬರುವುದು ವರದಿ ಬಂದ ಮೇಲೆ ಎಂದು ಮಾತಾಗಿತ್ತು. ವರದಿಗೆ ಎರಡು ವಾರ, ಬ್ಯಾಂಕಿನ ಗಡುವಿಗೆ ಅದರ ಮೇಲೆ ಮೂರು ದಿನ. ಗೂಳಿ ದಿನಾ ಬೆಳಿಗ್ಗೆ ಯೋಜನೆಯನ್ನು ಮನಸ್ಸಿನಲ್ಲೇ ತಿರುವಿಹಾಕಿ ನೋಡುತ್ತಿದ್ದ. ಎಲ್ಲೂ ಬಿರುಕಿರಲಿಲ್ಲ. ಅಕ್ಕ ಕಿಟಕಿಗೆ ಹೊಸ ಪರದೆ ಹೊಲಿಯುತ್ತಿದ್ದಳು. ಈ ಮನೆ ಉಳಿದರೆ ಸಾಕು, ಇನ್ನು ಯಾವ ಕಾಗದವನ್ನೂ ಓದದೆ ಮುಟ್ಟುವುದಿಲ್ಲ ಎಂದು ಅವನು ತನಗೆ ತಾನೇ ಮಾತು ಕೊಟ್ಟುಕೊಂಡ.

ಹದಿನಾಲ್ಕನೆಯ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಮ್ಯಾನೇಜರನ ಫೋನು ಬಂತು. "ಏನ್ರೀ ಮಾಡಿದ್ರಿ ನೀವು? ಸೂಜಿ ಮದ್ದು ಸಿಕ್ಕಿಲ್ಲ, ಬೇರೇನೋ ಸಿಕ್ಕಿದೆ! ಬೆಲ್ಟೂ ಹೋಯ್ತು, ದುಡ್ಡೂ ಹೋಯ್ತು. ಒಂದು ಪೈಸೆ ಕೇಳ್ಬೇಡಿ ನನ್ನ ಹತ್ರ." ಸಿಕ್ಕಿದ್ದರ ಹೆಸರು ಕೇಳಿದ ಮೇಲೂ ಅದು ತನ್ನ ಮೈಗೆ ಹೇಗೆ ಬಂತೆಂದು ಗೂಳಿಗೆ ಅರ್ಥವೇ ಆಗಲಿಲ್ಲ. ಅವನ ಕಾಲದ ಬಾಕ್ಸರುಗಳು ರಾತ್ರಿ ಬೆಳಗಾಗುವುದರೊಳಗೆ ತೂಕ ಇಳಿಸಲು, ಮದ್ದಿನ ಕುರುಹು ತೊಳೆದುಹಾಕಲು ಕದ್ದು ನುಂಗುತ್ತಿದ್ದ ಮಾತ್ರೆ ಅದು. ಪಟ್ಟಿಯಲ್ಲಿ ಅವನೇ ಓದಿದ್ದ, ನನಗೆ ಸಂಬಂಧವಿಲ್ಲವೆಂದು ಮುಂದಕ್ಕೆ ಹೋಗಿದ್ದ. ತಾನು ಮುಟ್ಟಿಲ್ಲ, ಆಣೆಗೂ ಮುಟ್ಟಿಲ್ಲ ಎಂದು ಹೇಳುವಷ್ಟರಲ್ಲಿ ಫೋನು ಕಡಿದುಹೋಯಿತು. ಅಕ್ಕ ಅಡುಗೆಮನೆಯಿಂದ ನೀರಿನ ಲೋಟ ಹಿಡಿದು ಬಂದಳು, ಅವನು ಎಂದಿನಂತೆ ನೋಡದೆಯೇ ಅಂಗೈ ಚಾಚಿದ, ಅವಳು ಎಂದಿನಂತೆ ಒಂದು ಪುಟ್ಟ ಬಿಳಿ ಮಾತ್ರೆ ಇಟ್ಟಳು. ಅದು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. "ಅಕ್ಕ, ಏನಿದು?" "ಈಗ ಕೇಳ್ತಿದೀಯಲ್ಲೋ! ಹೋದ ವರ್ಷ ಕಾಲು ಊದಿಕೊಂಡಾಗ ಡಾಕ್ಟ್ರು ಬರೆದುಕೊಟ್ರಲ್ಲ, ಬಿ.ಪಿ.ಗೆ, ಮೈಯಲ್ಲಿರೋ ನೀರಿಳಿಯೋ ಮಾತ್ರೆ. ನಿನ್ನ ಕೈಗೆ ಬಿಟ್ರೆ ಮರೀತೀಯ ಅಂತ ನಾನೇ ಕೊಡ್ತಿದೀನಿ. ಒಂದು ದಿನಾನೂ ತಪ್ಪಿಸಿಲ್ಲ ಕಣೋ."