ತಾವರೆಯ ನೆಂಟರು

ವಸಂತ್ ಒಂದು ಸಲ ಮೂಸಿದರೆ ಸಾಕು, ಎಂಥ ಹೂವೂ ತನ್ನ ಹದಿಮೂರು ಕೋಟಿ ವರ್ಷದ ವಂಶಾವಳಿಯನ್ನು ಗಡಗಡನೆ ಒಪ್ಪಿಸಿಬಿಡುತ್ತಿತ್ತು. ನವಿ ಮುಂಬಯಿಯ ಮಹಾಪೆಯ ಆ ಲ್ಯಾಬಿನಲ್ಲಿ ಡಿಎನ್‌ಎ ಓದುವ ಮಷೀನು ಇಟ್ಟದ್ದು ಬರೀ ಶೋಗೆ.

ಇಂಥ ಮೂಗಿನವನಿಗೂ ಒಂದು ತಾವರೆ ಉರಿ ಹಚ್ಚಿತು.

ತಾವರೆಗೂ ನೈದಿಲೆಗೂ ನೋಟದಲ್ಲಿ ಎಷ್ಟೇ ಹೋಲಿಕೆಯಿರಲಿ, ಹತ್ತಿರದ ಸಂಬಂಧವಿಲ್ಲ. ತಾವರೆಯ ನೆಂಟ ಕಾಶ್ಮೀರದ ಚಿನಾರ್ ಮರ. ಅದನ್ನು ಡಿಎನ್‌ಎಯಲ್ಲಿ ತೋರಿಸಲು ಹೊರಟವಳು ಬೆಂಗಳೂರಿನಿಂದ ಬಂದ ಹರ್ಷಿತಾ. ನೈದಿಲೆಯ ಎಲೆಯನ್ನು ವಸಂತ್ ತನ್ನ ಹೌಸಿಂಗ್ ಸೊಸೈಟಿಯ ತೊಟ್ಟಿಯಿಂದ ತಂದುಕೊಟ್ಟಿದ್ದ. ತಾವರೆಯನ್ನು ತನ್ನ ಕಾಮೋಠೆಯ ಕೆರೆಯಿಂದ ತಂದವನು ಸಹೋದ್ಯೋಗಿ ಕುಶಲ. ಎಲೆಯ ಜೊತೆಗೆ ಹೂವನ್ನೂ!

"ಖಾಸ್ ತುಮ್ಹಾರೇ ಲಿಯೇ," ಅಂದ ಕುಶಲ, ನಿನಗೋಸ್ಕರವೇ ತಂದೆ ಅನ್ನುವ ಹಾಗೆ.

ಹರ್ಷಿತಾ ನಕ್ಕಳು. ಮೊದಲು ಕಣ್ಣು, ಆಮೇಲೆ ಕೆನ್ನೆ, ಕೊನೆಗೆ ತುಟಿ. ವಸಂತನ ಹೊಟ್ಟೆಯ ಉರಿಯಲ್ಲಿ ಇಡೀ ನವಿ ಮುಂಬಯಿಗೆ ಚಹಾ ಕಾಯಿಸಬಹುದಿತ್ತು.

ಅವತ್ತೇ ಅವನು ಕುಶಲನ ಹೆಸರಿದ್ದ ಟ್ಯೂಬಿನಿಂದ ತಾವರೆಯ ಎಲೆಚೂರು ತೆಗೆದು ನೈದಿಲೆಯ ಚೂರು ಹಾಕಿದ. ಗಿಡ ಗುರುತಿಸಲಾರದ ದಡ್ಡ ಅನ್ನಿಸಿಕೊಳ್ಳಲಿ ಕುಶಲ!

ರಿಸಲ್ಟ್ ಬಂದಾಗ ಸ್ಕ್ರೀನಿನ ಮುಂದೆ ಎಲ್ಲರಿಗಿಂತ ಮೊದಲು ಬಂದು ನಿಂತವನೂ ಅವನೇ. "ನಾನು ಮೂಸಿದಾಗಲೇ ಅನ್ಕೊಂಡೆ ಹರ್ಷಿತಾ, ಕುಶಲ ತಂದಿದ್ದು ತಾವರೆನೇ ಅಲ್ಲ."

"ಹೌದಾ? ನಿಮ್ಮ ನೈದಿಲೆ, ಅವನ ತಾವರೆ, ಎರಡೂ ಟ್ಯೂಬು ಅಕ್ಷರ ಅಕ್ಷರ ಒಂದೇ, ಒಂದೇ ಗಿಡದ ಎಲೆ. ಅಣ್ಣತಮ್ಮಂದಿರೂ ಹೀಗೆ ಹೋಲಲ್ಲ, ವಸಂತ್. ಮತ್ತೆ ಇದೇನು?"

ಅವಳ ಮೇಜಿನ ಮೇಲಿನ ಬಾಟಲಿಯಲ್ಲಿ, ಎಸಳೆಲ್ಲ ಉದುರಿದ ತಾವರೆಯ ಬೀಜದ ಬಟ್ಟಲು ಅವನನ್ನೇ ನೋಡುತ್ತಿತ್ತು. ಎಲೆ ಬದಲಿಸಿದವನು ಹೂವನ್ನು ಮರೆತಿದ್ದ.

"ನಿಮ್ಮ ಮೂಗು ಏನನ್ನತ್ತೆ?"

"ಮೂಗು... ಕಟ್ಟಿದೆ. ಡಸ್ಟ್ ಅಲರ್ಜಿ. ಮಲ್ಲಿಗೆ ವಾಸನೆನೂ ಗೊತ್ತಾಗಲ್ಲ." ಅವನ ದನಿ ತಗ್ಗಿತು. "ಎಲೆ ಬದಲಾಯಿಸಿದ್ದು ನಾನೇ. ಅವನಿಗೆ ಕೊಟ್ರಲ್ಲ, ಆ ನಗು ನನಗೆ ಬೇಕಿತ್ತು."

ಹರ್ಷಿತಾ ಕುಶಲನ ಹೆಸರಿದ್ದ ಟ್ಯೂಬನ್ನು ಎತ್ತಿ ಕಸದ ಡಬ್ಬಿಗೆ ಹಾಕಿದಳು.

"ನನ್ನ ಕೆಲಸ ಹಾಳು ಮಾಡಿದ್ರಿ. ಅದೂ ಯಾರ ಮೇಲಿನ ಹೊಟ್ಟೆಕಿಚ್ಚಿಗೆ! ಕುಶಲ ಕ್ಯಾಂಟೀನಿನ ಚಂದ್ರಬಾಯಿಗೆ ಖಾಲಿ ಪ್ಲೇಟ್ ಕೊಡುವಾಗಲೂ 'ಖಾಸ್ ತುಮ್ಹಾರೇ ಲಿಯೇ' ಅಂತಾನೆ. ನೀವು? ಇಷ್ಟು ದಿನದಲ್ಲಿ ನಂಗೆ ತಂದಿದ್ದು ಬರೀ ಎಲೆ."

ವಸಂತ್ ತಲೆ ಎತ್ತಿದ.

"ನಾಳೆ ಬೆಳಿಗ್ಗೆ ಕಾಮೋಠೆ ಕೆರೆಗೆ ಹೋಗೋಣ. ಹೊಸ ಎಲೆ ನೀವೇ ಇಳಿದು ಕೀಳಬೇಕು. ಹೂವೂ. ಈಜು ಬರತ್ತಾ?"

"ಈಜಾ? ವಾಶಿ ಖಾಡಿ, ಅಷ್ಟು ದೊಡ್ಡ ಕೊಲ್ಲಿನ ನಾನು ಒಂದೇ ಉಸಿರಿಗೆ..."

ಅವಳ ಹುಬ್ಬು ಮೇಲೇರಿತು. ಕಣ್ಣು ಮಾತ್ರ ಆಗಲೇ ನಗತೊಡಗಿತ್ತು.

"ಬರಲ್ಲ," ಅಂದ ವಸಂತ್. "ಕೈ ಹಿಡ್ಕೊಳ್ತೀರಾ?"