ಬಿಳಿಜ್ವರದ ದೂರು

ಆ ದಿನ ಬೆಳಗ್ಗೆ ಸೂರ್ಯನ ಸುಳಿವೇ ಇರಲಿಲ್ಲ. ಮೋಡ ಮಾಳಿಗೆಗಳಿಗೆ ತಾಗುವಷ್ಟು ಕೆಳಗಿಳಿದಿತ್ತು. ಅದರಿಂದಲೇ ಬಂಗಲೆಯ ಯಜಮಾನ ಹಗಲಿನಲ್ಲೇ ಠಾಣೆಯ ಹೊಸ್ತಿಲವರೆಗೆ ಬರಲು ಸಾಧ್ಯವಾಯಿತು. ಅವನು ರಕ್ತಪಿಶಾಚಿಗಳ ಕುಲದವನು. ಯಾರಾದರೂ ಕರೆಯದೆ ಒಳಗೆ ಕಾಲಿಡುವಂತಿಲ್ಲ.

“ಒಳಗೆ ಬನ್ನಿ ಅಂತ ಒಂದು ಮಾತು ಹೇಳ್ರೀ,” ಎಂದು ಗೋಡೆ ಹಿಡಿದು ನಿಂತ.

“ಸಾರ್ವಜನಿಕರಿಗೆ ಸ್ವಾಗತ ಅಂತ ಬೋರ್ಡೇ ಹಾಕಿದೀವಲ್ಲ ಸ್ವಾಮಿ,” ಎಂದ ಹಿರಿಯ ಪೇದೆ.

“ಬೋರ್ಡು ಸಾಲಲ್ಲ. ಬಾಯಲ್ಲಿ ಹೇಳ್ಬೇಕು.”

“ಬನ್ನಿ,” ಎಂದರು ಇನ್ಸ್‌ಪೆಕ್ಟರಮ್ಮ. ಈ ಮುಖ ಅವರಿಗೆ ಹೊಸದಲ್ಲ. ಹೋದ ವರ್ಷ ಊರಿನ ದರ್ಜಿ ಹೆಂಗಸೊಬ್ಬಳ ತಂಗಿ ಮೈಯಲ್ಲಿ ಹನಿ ನೆತ್ತರಿಲ್ಲದೆ ಸತ್ತು ಬಿದ್ದಿದ್ದಳು. ಅನುಮಾನ ಬಂದಾಗ, ಸರ್ಕಾರ ಕೊಡುವ ಸೀಲು ಮಾಡಿದ ನೆತ್ತರಿನ ಸೀಸೆ ಬಿಟ್ಟು ಬೇರೇನೂ ಕುಡಿಯುವುದಿಲ್ಲವೆಂದು ಇವನು ವಾದಿಸಿದ್ದ. ಸಾಕ್ಷ್ಯವಿಲ್ಲವೆಂದು ಕೇಸು ಮುಚ್ಚಿ ಸಹಿ ಹಾಕಿದವರು ಇದೇ ಇನ್ಸ್‌ಪೆಕ್ಟರಮ್ಮ. ಅಂದಿನಿಂದ ದೇವರ ಮುಂದೆ ಕೈಮುಗಿದರೂ ಅವರ ಮನಸ್ಸು ನಿಲ್ಲುತ್ತಿರಲಿಲ್ಲ.

ಬೆಳಗ್ಗೆ 9.20ಕ್ಕೆ ಎಫ್‌ಐಆರ್ ದಾಖಲಾಯಿತು: ತನಗೆ ಯಾರೋ ಬೇಕೆಂದೇ ಬಿಳಿಜ್ವರ ಹತ್ತಿಸಿದ್ದಾರೆ. ನೆತ್ತರಿನಿಂದ ಮಾತ್ರ ಹರಡುವ ರೋಗ ಅದು. ಮನುಷ್ಯರಿಗೆ ಒಂದು ವಾರ ಮೈ ಬಿಸಿ; ಈ ಕುಲದವರಿಗೆ ಕೊನೆತನಕ ಜೀವ ಇದ್ದೂ ಇಲ್ಲದ ಹಾಗೆ. ಕಬ್ಬಿಣದ ಗೇಟು ಬಗ್ಗಿಸುತ್ತಿದ್ದ ಕೈ ಸಹಿ ಹಾಕುವಷ್ಟರಲ್ಲಿ ಸೋತುಹೋಯಿತು.

ಮಧ್ಯಾಹ್ನ ಬಂಗಲೆಯಲ್ಲಿ ಪಂಚನಾಮೆ ನಡೆಯಿತು. ಸೀಸೆಗಳ ಸೀಲು ಒಡೆದಿರಲಿಲ್ಲ. ಒಂದರಲ್ಲೂ ರೋಗವಿಲ್ಲವೆಂದು ಪ್ರಯೋಗಾಲಯದ ವರದಿ ಸಂಜೆಯೊಳಗೆ ಬಂತು. ಯಜಮಾನನನ್ನು ಮತ್ತೆ ಠಾಣೆಯಲ್ಲಿ ವಿಚಾರಣೆಗೆ ಕೂರಿಸಿದರು. ಪಂಚನಾಮೆಗೆ ಸಾಕ್ಷಿಗಳಾಗಿದ್ದ ಪಂಚರಿಬ್ಬರೂ ಪಕ್ಕದಲ್ಲೇ ಇದ್ದರು.

“ಸೀಸೆ ಶುದ್ಧವಾಗಿದೆ. ಮತ್ತೆಲ್ಲಿ ಕುಡಿದ್ರಿ?” ಎಂದು ಇನ್ಸ್‌ಪೆಕ್ಟರಮ್ಮ ಕೇಳಿದರು.

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.

“ಹೇಳದಿದ್ರೆ ಬೇಡ. ಕೇಸು ಇಲ್ಲಿಗೇ ಮುಚ್ತೀನಿ. ರೋಗ ಕೊಟ್ಟೋರು ಮನೇಲಿ ಆರಾಮಾಗಿರ್ತಾರೆ.”

ಅವನ ಕಣ್ಣು ಕೆಂಪಾಯಿತು. “ಆ ದರ್ಜಿ! ತಾನೇ ಬಾಗಿಲು ತೆಗೆದು ಬಾ ಅಂದ್ಲು. ತಂಗಿ ನೆತ್ತರಿನ ರುಚಿನೇ ಅಕ್ಕಂದೂ ಇರುತ್ತೆ ಅಂದ್ಕೊಂಡು...” ಎಂದವನೇ ಬಾಯಿ ಮುಚ್ಚಿಕೊಂಡ.

“ಕೊನೇ ಮಾತು ಇನ್ನೊಂದ್ಸಲ ಹೇಳ್ತೀರಾ ಸ್ವಾಮಿ?” ಎಂದ ಪೇದೆ, ಬರೆಯುವುದನ್ನು ನಿಲ್ಲಿಸದೆ. “ನನಗೆ ಕಿವಿ ಸ್ವಲ್ಪ ಮಂದ.”

ಅವನನ್ನು ಲಾಕಪ್ಪಿಗೆ ಹಾಕಿ, ಇನ್ಸ್‌ಪೆಕ್ಟರಮ್ಮ ದರ್ಜಿಯ ಅಂಗಡಿಗೆ ಹೋದರು. ಅವಳು ಹೊಲಿಗೆ ಯಂತ್ರದ ಮುಂದೆ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

“ಬಿಳಿಜ್ವರ ಹೇಗೆ ಬಂತಮ್ಮ?”

“ಬರ್ಲಿಲ್ಲ, ನಾನೇ ತಂದ್ಕೊಂಡೆ. ಆಸ್ಪತ್ರೆಯೋರ ಬಟ್ಟೆ ಹೊಲಿಯೋಳು ನಾನು. ಜ್ವರದೋಳೊಬ್ಬಳ ಬೆರಳಿಗೆ ಚುಚ್ಚಿದ ಸೂಜಿ, ಆಮೇಲೆ ನನ್ನ ಬೆರಳಿಗೆ. ಎರಡು ಗುಟುಕು ಕುಡಿಯೋದ್ರೊಳಗೆ ಅವನು ಕುಸಿದುಬಿದ್ದ.”

“ಅವನನ್ನ ಕೊಲ್ಬೇಕು ಅಂತಿದ್ರಾ?”

“ಯಾಕೆ ಕೊಲ್ಲಲಿ? ಸತ್ರೆ ಅವನಿಗೆ ಬಿಡುಗಡೆ. ಬದುಕಿರ್ಬೇಕು. ನಾಲ್ಕು ಹೆಜ್ಜೆ ಇಡೋಕೂ ಇನ್ನೊಬ್ಬರ ಕೈ ಹಿಡೀಬೇಕು. ನಿಮ್ಮ ಮುಂದೆ ಬಂದು ಅಳಬೇಕು ಅವನು, ಅವತ್ತು ನಾನು ಅತ್ತ ಹಾಗೆ.”

ಅವನ ಮೇಲೆ ಕೊಲೆಯ ಕೇಸು, ಅವಳ ಮೇಲೆ ರೋಗ ಹರಡಿದ ಕೇಸು. ಅವಳು ಯಂತ್ರಕ್ಕೆ ಮುಸುಕು ಹಾಕಿ ಎದ್ದಳು. “ಅವನ ಪಕ್ಕದ ಕೋಣೆ ಕೊಡಿ ಅಕ್ಕಾ. ನರಳೋದು ಕೇಳಿಸ್ಲಿ.”

ತಂಗಿಯನ್ನು ಕಳೆದುಕೊಂಡವಳಿಗೆ ಆಗ ಯಾರೂ ಕಿವಿಗೊಡಲಿಲ್ಲ. ಆ ದುಃಖವೇ ಅವಳೊಳಗೆ ಹೆಪ್ಪುಗಟ್ಟಿ ಸೇಡಾಗಿತ್ತು.

ಠಾಣೆಗೆ ಬಂದ ಮೇಲೆ ಇನ್ಸ್‌ಪೆಕ್ಟರಮ್ಮ ಕಪಾಟು ತೆಗೆದರು. ಕೇಸಿಗಾಗಿ ವಶಪಡಿಸಿಕೊಂಡಿದ್ದ ತಂಗಿಯ ಕನ್ನಡಕ ಅಲ್ಲಿತ್ತು. ಮುರಿದ ಕಡ್ಡಿಗೆ ಅಕ್ಕನೇ ಸುತ್ತಿದ ನೀಲಿ ದಾರ. ಕೇಸು ಮುಚ್ಚಿದ ದಿನವೇ ಮನೆಗೆ ತಲುಪಿಸಬೇಕಾಗಿತ್ತು. ಮುಖ ತೋರಿಸಲಾಗದೆ ಉಳಿಸಿಕೊಂಡಿದ್ದರು. ಅದನ್ನು ಕರವಸ್ತ್ರದಿಂದ ಒರೆಸಿ, ದರ್ಜಿಯ ಅಂಗೈಯಲ್ಲಿಟ್ಟರು.